ಮಳೆನಾಡಿಗೆ ಉಣ್ಣೆಯ ಆಡು: ಗಾಡಿ ಹೇಳುವ ಮುಂಚೆ ಒಂದಿಷ್ಟು ಹೋಲಿಕೆ

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಅಕ್ಕನ ಮಗಳು ಫೋನ್ ಮಾಡಿ, "ಮಾವ, ಎರಡು ಅಂಗೋರಾ ಆಡು ತರೋಣ ಅಂತಿದ್ದೀನಿ. ಎಲ್ಲಿ ಸಿಗುತ್ತೆ?" ಎಂದಳು. ಬೆಂಗಳೂರಿನ ಕೆಲಸ ಬಿಟ್ಟು ಬಂದು ಕುಶಾಲನಗರದ ಹತ್ತಿರ ಎರಡೂವರೆ ಎಕರೆ ಮಾಡಿಕೊಂಡಿದ್ದಾಳೆ. ಹೆಣಿಗೆಯ ಹುಚ್ಚು ಮೊದಲಿನಿಂದಲೂ ಇತ್ತು. ಈಗ ನೂಲನ್ನೂ ತಾನೇ ತೆಗೆಯಬೇಕು ಅನ್ನುವಲ್ಲಿಗೆ ಬಂದು ನಿಂತಿದೆ. ನಾನು ಮಡಿಕೇರಿ ಕಡೆಯವನು. ಕಾಫಿ, ಮೆಣಸಿನ ನಡುವೆ ಹತ್ತು ಹನ್ನೆರಡು ವರ್ಷದಿಂದ ಆಡು ಸಾಕುತ್ತಿದ್ದೇನೆ, ನಡುವೆ ಮೂರು ವರ್ಷ ಕುರಿ ಸಾಕಿ ಕೈ ಸುಟ್ಟುಕೊಂಡಿದ್ದೇನೆ. "ಸಿಗೋದಿರಲಿ, ತಂದರೆ ಜುಲೈನಲ್ಲಿ ಅದನ್ನ ಎಲ್ಲಿ ನಿಲ್ಲಿಸ್ತೀಯ?" ಎಂದು ಕೇಳಿದೆ. ಆ ಮಾತುಕತೆ ಮಳೆಗಾಲ ಹಿಡಿಯುವವರೆಗೂ ನಡೆಯಿತು. ಆಮೇಲೆ ಇನ್ನಿಬ್ಬರು ಪರಿಚಯದವರು ಇದೇ ಪ್ರಶ್ನೆ ತಂದರು. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಹೆಸರುಗಳ ಗೊಂದಲ

ಅಂಗಡಿಯಲ್ಲಿ 'ಅಂಗೋರಾ ಉಲ್ಲನ್' ಎಂದು ಮಾರುವುದು ಮೊಲದ ಕೂದಲು. ಅಂಗೋರಾ ಆಡಿನ ಕೂದಲಿಗೆ ಹೆಸರು ಮೊಹೇರ್. ಎರಡಕ್ಕೂ ಹೆಸರು ಬಂದದ್ದು ಟರ್ಕಿಯ ಅಂಕಾರಾ ಊರಿಂದ, ಅಷ್ಟೇ ನಂಟು. ಪಶ್ಮೀನಾ ಮೂರನೆಯದು. ಅದು ಆಡಿನ ಮೇಲ್ಗೂದಲಲ್ಲ. ಚಳಿಗಾಲಕ್ಕೆಂದು ಒರಟು ಕೂದಲಿನ ಬುಡದಲ್ಲಿ ಹುಟ್ಟಿ, ವಸಂತದಲ್ಲಿ ಉದುರುವ ನಯವಾದ ಒಳಗೂದಲು. ಅದನ್ನು ಕತ್ತರಿಸುವುದಿಲ್ಲ, ಬಾಚಿ ತೆಗೆಯುತ್ತಾರೆ. ಕ್ಯಾಶ್ಮೀರ್ ಅಂದರೂ ಇದೇ ಜಾತಿ.

ಈ ಮೂರನ್ನು ಒಂದೇ ಎಂದುಕೊಂಡು ಮಾರುವವನ ಮುಂದೆ ನಿಂತರೆ ದುಡ್ಡು ಹೋಗುವುದು ಗ್ಯಾರಂಟಿ. ಮಾರುವವನಿಗೂ ಗೊತ್ತಿರುವುದಿಲ್ಲ ಅನ್ನುವುದು ಇನ್ನೊಂದು ತಮಾಷೆ.

ಕೊಡಗು ಅಂದರೆ ಒಂದು ಕೊಡಗಲ್ಲ

ತಳಿ ಆರಿಸುವ ಮುಂಚೆ ನಿಮ್ಮ ಮನೆ ಎಲ್ಲಿದೆ ನೋಡಿ. ಕುಶಾಲನಗರ, ಶನಿವಾರಸಂತೆ ಕಡೆ ಮೈಸೂರು, ಹಾಸನದ ಬಯಲಿನ ಗುಣ ಇದೆ, ಮಳೆ ಅಲ್ಲಿ ಅಳತೆಯಲ್ಲಿ ಬರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವುದು ಮಾಮೂಲು. ಭಾಗಮಂಡಲ, ತಲಕಾವೇರಿ ಕಡೆ ಅದು ಇನ್ನೂ ಬಹಳ ಮೇಲೆ. ಅಂಕಾರಾದ ಬಯಲಿನಲ್ಲಿ ವರ್ಷವಿಡೀ ಬೀಳುವುದು 400 ಮಿ.ಮೀ. ಆಸುಪಾಸು, ನಮ್ಮಲ್ಲಿ ಜುಲೈನ ಒಂದು ಜೋರು ವಾರ ಅದನ್ನು ಮುಗಿಸಿಬಿಡುತ್ತದೆ. ಜಗತ್ತಿನ ಮೊಹೇರ್‌ನಲ್ಲಿ ಅತಿ ಹೆಚ್ಚು ಬರುವುದು ದಕ್ಷಿಣ ಆಫ್ರಿಕಾದ ಕಾರೂ ಎಂಬ ಒಣ ಸೀಮೆಯಿಂದ. ಪಶ್ಮೀನಾ ಬರುವುದು ಲಡಾಖಿನ ಶೀತ ಮರುಭೂಮಿಯಿಂದ. ಎಲ್ಲೆಲ್ಲಿ ಆಡಿನ ಮೈಮೇಲೆ ಬೆಲೆಬಾಳುವ ಕೂದಲು ಬೆಳೆಯಿತೋ ಅಲ್ಲೆಲ್ಲ ಮಳೆ ಕಡಿಮೆ. ಇದು ಆಕಸ್ಮಿಕವಲ್ಲ. ಚಳಿಯನ್ನು ಒಣಗಿದ ತುಪ್ಪಟ ತಡೆಯುತ್ತದೆ. ನೆನೆದ ತುಪ್ಪಟ ಆಡಿನ ಮೈಗೆ ಒದ್ದೆ ಗೋಣಿಚೀಲ ಸುತ್ತಿದ ಹಾಗೆ.

ಅದಕ್ಕೇ ಕೆಳಗಿನ ಹೋಲಿಕೆಯಲ್ಲಿ ನಾನು ಕೂದಲಿನ ನಯಕ್ಕಿಂತ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗಿನ ಪಾಡಿಗೆ ಹೆಚ್ಚು ತೂಕ ಕೊಟ್ಟಿದ್ದೇನೆ.

ಅಂಗೋರಾ: ಕೊಡುವುದೂ ಹೆಚ್ಚು, ಕೇಳುವುದೂ ಹೆಚ್ಚು

ಕೂದಲಿನ ಲೆಕ್ಕದಲ್ಲಿ ಅಂಗೋರಾಗೆ ಸಾಟಿಯಿಲ್ಲ. ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತದೆ, ವರ್ಷಕ್ಕೆ ಎರಡು ಸಲ ಕತ್ತರಿಸಬೇಕು. ಚೆನ್ನಾಗಿ ಮೇಯಿಸಿದರೆ ಒಂದು ಬೆಳೆದ ಆಡು ವರ್ಷಕ್ಕೆ 3ರಿಂದ 5 ಕಿಲೋ ಕೊಡುತ್ತದೆ. ಮರಿಯ ಮೊದಲ ಕತ್ತರಿಯ ಕೂದಲು 25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ) ದಪ್ಪದ ಆಸುಪಾಸಿನದು, ಕೊರಳಿಗೆ ಸುತ್ತಿಕೊಂಡರೂ ಚುಚ್ಚುವುದಿಲ್ಲ. ವಯಸ್ಸಾದಂತೆ ದಪ್ಪವಾಗುತ್ತಾ 35–40 ಮೈಕ್ರಾನ್‌ಗೆ ಹೋಗುತ್ತದೆ. ಆಗ ಅದು ಶಾಲಿಗಿಂತ ಕಾರ್ಪೆಟ್ಟಿಗೆ ಸರಿ. ಹೊಳಪು ಅಪರೂಪದ್ದು, ಬಣ್ಣ ಸೊಗಸಾಗಿ ಹಿಡಿಯುತ್ತದೆ, ಆದರೆ ರೇಷ್ಮೆಯಂತೆ ಜಾರುತ್ತದೆ. ಕುರಿ ಉಣ್ಣೆಯಲ್ಲಿರುವ ಸಣ್ಣ ಸಣ್ಣ ನಿರಿಗೆ ಇದರಲ್ಲಿಲ್ಲ, ಹಾಗಾಗಿ ಬರೀ ಮೊಹೇರ್‌ನಲ್ಲಿ ಹೆಣೆದ ಸ್ವೆಟರ್ ಎಳೆದರೆ ಹಿಂದಕ್ಕೆ ಬರುವುದಿಲ್ಲ, ಜೋತು ಬೀಳುತ್ತದೆ. ತಕಲಿ ಹಿಡಿದು ಈಗಷ್ಟೇ ಕಲಿಯುತ್ತಿರುವವರಿಗೆ ಇದು ಸಲೀಸಾದ ಕೂದಲಲ್ಲ.

ಇನ್ನು ಅದು ಕೇಳುವುದು. ಅಂಗೋರಾದ ಮೈ ತಿಂದದ್ದನ್ನು ಮೊದಲು ಕೂದಲಿಗೆ ಕೊಡುತ್ತದೆ, ಉಳಿದದ್ದು ಹಾಲಿಗೆ, ಮರಿಗೆ. ಮೇವು ಕಡಿಮೆಯಾದರೆ ಕೂದಲು ಬೆಳೆಯುತ್ತಲೇ ಇರುತ್ತದೆ, ಗಬ್ಬದ ಆಡಿಗೆ ಗರ್ಭಪಾತವಾಗಿಬಿಡುತ್ತದೆ. ಮರಿಗಳೂ ನಾಜೂಕು. ಎಲ್ಲಕ್ಕಿಂತ ಅಪಾಯದ ಹೊತ್ತೆಂದರೆ ಕತ್ತರಿಸಿದ ನಂತರದ ನಾಲ್ಕರಿಂದ ಆರು ವಾರ. ಆ ವಾರಗಳಲ್ಲಿ ತಣ್ಣನೆ ಮಳೆ, ಗಾಳಿ ಒಟ್ಟಿಗೆ ಹೊಡೆದರೆ ಒಂದೇ ರಾತ್ರಿಯಲ್ಲಿ ಆಡು ಸಾಯುತ್ತದೆ. ಒಣ ಸೀಮೆಯಾದ ಕಾರೂನಲ್ಲೇ ಹೀಗೆ ಹಿಂಡುಗಟ್ಟಲೆ ಸತ್ತಿವೆ. ಕತ್ತರಿಸದೆ ಬಿಟ್ಟರೆ? ನೆನೆದ ತುಪ್ಪಟದ ಅಡಿಯಲ್ಲಿ ಚರ್ಮ ಕೊಳೆಯುತ್ತದೆ, ಹೇನು ತುಂಬುತ್ತದೆ, ಕಣ್ಣಿನ ಮೇಲೆ ಕೂದಲು ಇಳಿದು ದಾರಿಯೇ ಕಾಣುವುದಿಲ್ಲ.

ದಕ್ಷಿಣ ಆಫ್ರಿಕಾಕ್ಕೆ ಈ ಆಡು ಹೋದ ಕಥೆ ಚೆನ್ನಾಗಿದೆ. 1838ರಲ್ಲಿ ಟರ್ಕಿಯಿಂದ ಹನ್ನೆರಡು ಹೋತಗಳನ್ನು ಹಡಗಿಗೆ ಹತ್ತಿಸಿದರಂತೆ, ತಳಿ ಬೇರೆ ಕಡೆ ಹಬ್ಬಬಾರದೆಂದು ಎಲ್ಲದರ ಬೀಜ ಕೆಡಿಸಿಯೇ ಕಳಿಸಿದ್ದರು. ಜೊತೆಗೆ ಇದ್ದ ಒಂದೇ ಹೆಣ್ಣು ದಾರಿಯಲ್ಲಿ ಗಂಡು ಮರಿ ಹಾಕಿತು. ಅಲ್ಲಿಂದ ಶುರು. ನಮ್ಮ ದೇಶಕ್ಕೂ ಅಂಗೋರಾ ಬಂದಿತ್ತು. ಮಹಾರಾಷ್ಟ್ರದ ರಾಹುರಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಸಂಗಮನೇರಿ ಆಡಿನೊಂದಿಗೆ ಅಡ್ಡತಳಿ ಮಾಡಿ ನೋಡಿದ್ದಾರೆ. ರಾಹುರಿಯೂ ಒಣಸೀಮೆಯೇ ಅನ್ನುವುದನ್ನು ಗಮನಿಸಿ. ಅಂಗೋರಾ ನಮ್ಮ ಸಂತೆಯಲ್ಲಿ ಸಿಗುವ ಆಡಲ್ಲ. ಹೊರದೇಶದಿಂದ ಜೀವಂತ ಪ್ರಾಣಿ ತರಿಸುವುದು ಸರಕಾರದ ಅನುಮತಿ, ಪ್ರತ್ಯೇಕವಾಸ ಎಲ್ಲ ದಾಟಬೇಕಾದ ಕೆಲಸ, ಎರಡೂವರೆ ಎಕರೆಯವರ ಕೈಗೆ ಎಟುಕುವಂಥದ್ದಲ್ಲ.

ಹಾಗಿದ್ದೂ 'ಅಂಗೋರಾ ಇದೆ' ಎನ್ನುವ ವಿಡಿಯೋಗಳು ಫೋನಿಗೆ ಬರುತ್ತಲೇ ಇರುತ್ತವೆ. ಅಂಥದ್ದೊಂದು ನೋಡಿ ನಾವಿಬ್ಬರೂ ಜೀಪಿನಲ್ಲಿ ಅರ್ಧ ದಿನದ ದಾರಿ ಹೋದೆವು. ದೂರದಿಂದ ಆಡು ಚೆಂದವಾಗಿಯೇ ಇತ್ತು, ತೊಡೆಯ ಮೇಲೆ ಮೊಣಕಾಲಿನವರೆಗೂ ಬಿಳಿ ಕೂದಲು, ಲಂಗ ಉಟ್ಟ ಹಾಗೆ. ಹತ್ತಿರ ಹೋಗಿ ಭುಜದ ಮೇಲೆ ಎರಡು ಬೆರಳಿನಿಂದ ಕೂದಲು ಬಿಡಿಸಿದೆ. ಅಲ್ಲಿ ಒಂದು ಅಂಗುಲವೂ ಇಲ್ಲ, ಹಲ್ಲುಜ್ಜುವ ಬ್ರಶ್ಶಿನಂತೆ ನೆಟ್ಟಗೆ ನಿಂತಿದೆ. ಮೈತುಂಬ ಒಂದೇ ಸಮನೆ ಸುರುಳಿ ಸುರುಳಿಯಾಗಿ ಇಳಿಬಿದ್ದರೆ ಮಾತ್ರ ಅಂಗೋರಾ. ಹೊಟ್ಟೆಯ ಕೆಳಗೂ ಇರಬೇಕು, ಕತ್ತಿನ ಮೇಲೂ ಇರಬೇಕು. ಹೆಣ್ಣಿಗೂ ಸಾಮಾನ್ಯವಾಗಿ ಕೊಂಬಿರುತ್ತದೆ, ಕಿವಿ ಜೋಲು. ಸೊಂಟಕ್ಕೆ, ತೊಡೆಗೆ ಮಾತ್ರ ಉದ್ದ ಕೂದಲಿದ್ದರೆ ಅದು ಗುಜರಾತ್, ರಾಜಸ್ಥಾನದ ಕಡೆಯ ಉದ್ದಗೂದಲಿನ ಆಡೋ ಅದರ ಅಡ್ಡತಳಿಯೋ ಆಗಿರುತ್ತದೆ. ಆ ಕೂದಲಿಗೂ ಉಪಯೋಗ ಇದೆ: ಹಗ್ಗ, ಚೀಲ, ಜಮಖಾನ. ಮಗುವಿನ ಟೋಪಿಗಲ್ಲ. ಮಾರುವವರು ಕೊಟ್ಟ ಮಜ್ಜಿಗೆ ಕುಡಿದು ಬರಿಗೈಯಲ್ಲಿ ವಾಪಸ್ ಬಂದೆವು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ.

ಪಶ್ಮೀನಾ: ಇದರ ಮಾತು ಬೇಗ ಮುಗಿಸೋಣ

ಲಡಾಖಿನ ಚಾಂಗ್‌ಥಾಂಗಿ, ಹಿಮಾಚಲ, ಉತ್ತರಾಖಂಡದ ಮೇಲ್ಕಣಿವೆಗಳ ಚೇಗು, ಇವೆರಡೇ ನಮ್ಮ ಪಶ್ಮೀನಾ ಆಡುಗಳು. 4,000 ಮೀಟರ್ ಎತ್ತರ, ಸೊನ್ನೆಗಿಂತ ಎಷ್ಟೋ ಕೆಳಗಿಳಿಯುವ ಚಳಿ, ಚಳಿಗಾಲದಲ್ಲಿ ಮೋಟಾಗುವ ಹಗಲು ಇವೆಲ್ಲ ಸೇರಿ ಆ 12–14 ಮೈಕ್ರಾನ್ ಕೂದಲು ಹುಟ್ಟಿಸುತ್ತವೆ. ಅಷ್ಟಾದರೂ ಒಂದು ಆಡಿಗೆ ಸಿಗುವುದು ಕೆಲವು ನೂರು ಗ್ರಾಂ, ಅದರಲ್ಲಿ ಒರಟು ಕೂದಲನ್ನು ಕೈಯಲ್ಲಿ ಆರಿಸಿ ತೆಗೆದ ಮೇಲೆ ಇನ್ನೂ ಕಡಿಮೆ. ಕೊಡಗಿಗೆ ತಂದರೆ ಆಡಿಗೆ ಹಿಂಸೆ, ನಿಮಗೆ ಕೂದಲೂ ಇಲ್ಲ. 2012ರಲ್ಲಿ ಶ್ರೀನಗರದಲ್ಲಿ ನೂರಿ ಎಂಬ ಪಶ್ಮೀನಾ ಆಡನ್ನು ತದ್ರೂಪು ಸೃಷ್ಟಿಯಿಂದ ಹುಟ್ಟಿಸಿದರು. ಆಡನ್ನು ಹಾಗೆ ಮಾಡಬಹುದು, ಚಾಂಗ್‌ಥಾಂಗ್‌ನ ಚಳಿಯನ್ನು ಸುಂಟಿಕೊಪ್ಪಕ್ಕೆ ತರಲಾಗದು.

ಮಲಬಾರಿ: ಕೂದಲಿಲ್ಲ, ಆದರೂ ಲೆಕ್ಕಕ್ಕೆ ಬರಬೇಕು

ನನ್ನ ಕೊಟ್ಟಿಗೆಯಲ್ಲಿರುವುದು ಗಡಿಯಾಚೆಯ ಮಲಬಾರಿ ಆಡುಗಳೇ, ತಲಚೇರಿ ಆಡು ಅಂತಲೂ ಕರೆಯುತ್ತಾರೆ. ವಯನಾಡು, ಕಣ್ಣೂರಿನ ಮಳೆಯಲ್ಲೇ ಹುಟ್ಟಿ ಬೆಳೆದ ತಳಿ, ಅವಳಿ ಮರಿ ಹಾಕುವುದು ಸಾಮಾನ್ಯ, ಹಾಲೂ ಒಂದಿಷ್ಟು. ನೂಲುವ ಕೂದಲು ಮಾತ್ರ ಕೇಳಬೇಡಿ. ಹಾಗಾದರೆ ಇಲ್ಲಿ ಯಾಕೆ ಬರೆದೆ ಅಂದರೆ, ಆಡು ಸಾಕಿ ಗೊತ್ತಿಲ್ಲದವರು ಮೊದಲ ಮಳೆಗಾಲವನ್ನು ಇದರೊಂದಿಗೆ ಕಳೆದು ನೋಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಗೊರಸು ಕತ್ತರಿಸುವುದು, ಔಷಧಿ ಕುಡಿಸುವುದು, ಹಿಕ್ಕೆ ನೋಡಿ ಹೊಟ್ಟೆ ತಿಳಿಯುವುದು ಇವನ್ನೆಲ್ಲ ಮೈಮೇಲೆ ತುಪ್ಪಟ ಇಲ್ಲದ ಆಡಿನಲ್ಲಿ ಕಲಿತರೆ ನಷ್ಟ ಕಡಿಮೆ. ತುಪ್ಪಟದ ಆಡು ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ. ಕೂದಲು ಮೈಯನ್ನು ಮುಚ್ಚಿರುತ್ತದೆ. ಬೆನ್ನುಮೂಳೆಯ ಮೇಲೆ ಬೆರಳಿಟ್ಟು ಒತ್ತಿ ನೋಡುವ ಅಭ್ಯಾಸ ಇಲ್ಲದವರಿಗೆ ಅದು ಬಿದ್ದ ದಿನವೇ ಗೊತ್ತಾಗುವುದು.

ಕುರಿ: ನಾನು ಸೋತದ್ದು ಇಲ್ಲೇ, ಆದರೂ ಇದನ್ನೇ ಹೇಳುತ್ತೇನೆ

ಆಡು ಕೇಳಿದವರಿಗೆ ಕುರಿ ತೋರಿಸುವುದು ಸರಿಯೇ ಎಂದು ಅಕ್ಕನ ಮಗಳೂ ಕೇಳಿದಳು. ನಿಮಗೆ ಬೇಕಾದದ್ದು ಆಡೋ, ಕೂದಲೋ? ಕೂದಲಾದರೆ ಕುರಿಯನ್ನು ಬಿಟ್ಟು ಹೋಲಿಕೆ ಮಾಡಲಾಗದು.

ನಮ್ಮ ಕನ್ನಡ ಸೀಮೆಯ ಉಣ್ಣೆ ಕುರಿ ಅಂದರೆ ಡೆಕ್ಕನಿ. ಕರಿ, ಕಂದು, ಬೂದು ಬಣ್ಣದ ಒರಟು ಉಣ್ಣೆ. ಕುರುಬರ ಕಂಬಳಿ ಆಗುವುದು ಇದರಿಂದಲೇ. ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಮಲೆನಾಡಿನಲ್ಲಿ ಮಳೆಯಲ್ಲೇ ನಾಟಿ ಮಾಡುತ್ತಿದ್ದರು. ಕಂಬಳಿ ಮಳೆ ತಡೆಯಿತು ಎಂದು ಕುರಿಯೂ ತಡೆಯುತ್ತದೆ ಅಂದುಕೊಳ್ಳಬೇಡಿ. ಡೆಕ್ಕನಿ ಬಯಲುಸೀಮೆಯ ಕುರಿ, ದಿನಕ್ಕೆ ಮೈಲುಗಟ್ಟಲೆ ನಡೆದು ಮೇಯುವಂಥದ್ದು. ಕುಶಾಲನಗರ, ಶನಿವಾರಸಂತೆ ಕಡೆ ನಡೆಯುತ್ತದೆ. ಮಡಿಕೇರಿಯಿಂದ ಪಡುವಣಕ್ಕೆ ಬೇಡ. ಬನ್ನೂರು ಕುರಿಯ ಹೆಸರೂ ಕೆಲವರು ಎತ್ತುತ್ತಾರೆ. ಅದು ಮಾಂಸದ ಕುರಿ, ನೂಲುವವರಿಗೆ ಅದರಿಂದ ಪ್ರಯೋಜನ ಇಲ್ಲ.

ಮಳೆ, ಚಳಿ, ಉಣ್ಣೆ ಮೂರೂ ಒಟ್ಟಿಗೆ ಕಂಡ ಕುರಿ ಒಂದಿದೆ, ಅದು ನೀಲಗಿರಿ. ಅಲ್ಲಿನ ನಾಡಕುರಿಗೆ ಮೆರಿನೋ, ಚೆವಿಯಟ್, ಸೌತ್‌ಡೌನ್ ಟಗರುಗಳನ್ನು ಬಿಟ್ಟು ಹುಟ್ಟಿದ ತಳಿ, ಊಟಿಯ ಹತ್ತಿರ ಸ್ಯಾಂಡಿನಲ್ಲಾದಲ್ಲಿ ಕುರಿ ತಳಿ ಸಂಶೋಧನಾ ಕೇಂದ್ರವೂ ಇದೆ. ಉಣ್ಣೆ ಮೊಹೇರ್‌ನಷ್ಟು ಬರುವುದಿಲ್ಲ, ವರ್ಷಕ್ಕೆ ಒಂದು ಕಿಲೋ ಒಳಗೇ. ಆದರೆ ಬಿಳಿ, ನಯ, ನಿರಿಗೆ ಇರುವ ಉಣ್ಣೆ. ತಕಲಿಯಲ್ಲಿ ತಾನಾಗಿ ಎಳೆ ಹಿಡಿಯುತ್ತದೆ. ತಳಿಯ ಸಂಖ್ಯೆ ತೀರಾ ಇಳಿದಿದೆ, ಹುಡುಕಬೇಕಾಗುತ್ತದೆ. ಇನ್ನೂ ನಯ ಬೇಕೆಂದರೆ ಭಾರತ್ ಮೆರಿನೋ ಇದೆ, ಕೊಡೈಕನಾಲ್ ಬಳಿಯ ಮನ್ನವನೂರಿನ ಕೇಂದ್ರದಲ್ಲಿ ಸಾಕುತ್ತಾರೆ. ಅದು ಮೇವಿನಲ್ಲೂ ಆರೈಕೆಯಲ್ಲೂ ಇನ್ನಷ್ಟು ಬೇಡುವ ಕುರಿ.

ನಾನು ತಂದದ್ದು ಮೂರು ಕುರಿ. ಮಳೆಗೆ ಒಂದೂ ಸಾಯಲಿಲ್ಲ. ಸತ್ತದ್ದು ಮೈಲುತುತ್ತಕ್ಕೆ.

ಇದನ್ನು ಕೊಡಗಿನವರಿಗೆ ಬಿಡಿಸಿ ಹೇಳಲೇಬೇಕು. ನಾವು ಮಳೆಗೆ ಮುಂಚೆ ಕಾಫಿಗೆ ಎಲೆತುಕ್ಕಿಗೆಂದು, ಮೆಣಸಿಗೆ ಸೊರಗು ರೋಗಕ್ಕೆಂದು ಬೋರ್ಡೋ ಹೊಡೆಯುತ್ತೇವೆ. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಮೆಣಸಿನ ಬಳ್ಳಿ ಹಬ್ಬಿರುವುದು ಹಾಲವಾಣಕ್ಕೆ. ಬಳ್ಳಿಗೆ ಹೊಡೆದದ್ದು ಮರದ ಎಲೆಗೂ ಬೀಳುತ್ತದೆ. ಆ ವರ್ಷ ಮರಗಸಿ ತಡವಾಯಿತು, ಬೋರ್ಡೋ ಮುಗಿದ ಮೇಲೆ ಕೊಂಬೆ ಸವರಿದೆವು, ಹಾಲವಾಣದ ಸೊಪ್ಪು ಹೊರೆಗಟ್ಟಲೆ ಸಿಕ್ಕಿತು. ಮೂರು ವಾರ ಕುರಿ, ಆಡು ಎರಡಕ್ಕೂ ಅದೇ ಮೇವು. ಆಡುಗಳು ದುಂಡಗಾದವು. ಕುರಿಗಳೂ ಚೆನ್ನಾಗಿಯೇ ಇದ್ದವು, ತಿಂಗಳು ಕಳೆದ ಮೇಲೊಂದು ಬೆಳಿಗ್ಗೆ ದೊಡ್ಡ ಟಗರು ಎದ್ದು ನಿಲ್ಲಲಿಲ್ಲ. ಕಣ್ಣಿನ ಬಿಳಿ ಅರಿಸಿನದಂತೆ. ದಬ್ಬೆಯ ಕೆಳಗೆ ಬಿದ್ದ ಮೂತ್ರ ಡಿಕಾಕ್ಷನ್ ಬಣ್ಣ. ಡಾಕ್ಟರು ಬಂದು ನೋಡಿ "ಏನು ಹೊಡೆದಿದ್ದೀರಿ ತೋಟಕ್ಕೆ?" ಎಂದು ಮೊದಲು ಕೇಳಿದರು. ಮರುದಿನಕ್ಕೆ ಹೋಯಿತು, ಎರಡು ದಿನ ಬಿಟ್ಟು ಇನ್ನೊಂದು.

ಕುರಿಯ ಯಕೃತ್ತು ತಾಮ್ರವನ್ನು ವಾರಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ, ಹೊರಗೆ ಏನೂ ತೋರಿಸುವುದಿಲ್ಲ. ತುಂಬಿದ ದಿನ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ, ರಕ್ತಕಣ ಒಡೆಯುತ್ತವೆ. ಆಡು ಇದನ್ನು ಬಹಳಮಟ್ಟಿಗೆ ತಡೆದುಕೊಳ್ಳುತ್ತದೆ. ಆಡಿಗೆ ತಾಮ್ರ ಬೇಕೂ ಬೇಕು, ಅದಕ್ಕೇ ಆಡಿನ ಲವಣ ಮಿಶ್ರಣವನ್ನು ಕುರಿಗೆ ನೆಕ್ಕಿಸಬಾರದು. ಅಂಗೋರಾ ಬೇರೆ ಆಡುಗಳಷ್ಟು ಗಟ್ಟಿಯಲ್ಲ ಎನ್ನುತ್ತಾರೆ, ಅದಕ್ಕೂ ಕುರಿಯ ಎಚ್ಚರಿಕೆಯನ್ನೇ ಇಟ್ಟುಕೊಳ್ಳಿ. 'ಆಡು ಮುಟ್ಟದ ಸೊಪ್ಪಿಲ್ಲ' ಎಂದು ಗಾದೆ ಮಾಡಿದವರ ಕಾಲದಲ್ಲಿ ಸೊಪ್ಪಿನ ಮೇಲೆ ಬೋರ್ಡೋ ಇರಲಿಲ್ಲ.

ಹೀಗಾಗಿ ಕೊಡಗಿನ ಲೆಕ್ಕ ತಿರುವುಮುರುವು: ಉಣ್ಣೆಯ ಆಡು ಹೆದರಬೇಕಾದ್ದು ಮಳೆಗೆ, ಉಣ್ಣೆಯ ಕುರಿ ಹೆದರಬೇಕಾದ್ದು ತೋಟಕ್ಕೆ. ನಿಮ್ಮ ಜಾಗದಲ್ಲಿ ಯಾವುದನ್ನು ತಪ್ಪಿಸುವುದು ಸುಲಭ? ಅಡಿಕೆಗೆ ಕೊಳೆರೋಗಕ್ಕೆ ಹೊಡೆಯುವುದೂ ಅದೇ ಬೋರ್ಡೋ, ಅದನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ. ಪಕ್ಕದ ತೋಟದವರು ಹೊಡೆಯುವ ದಿನ ಗಾಳಿ ಯಾವ ಕಡೆ ಬೀಸುತ್ತದೆ ಅನ್ನುವುದನ್ನು ಕೂಡ.

ಮೊಲ

ಜಾಗ ಇಲ್ಲದವರಿಗೆ ಅಂಗೋರಾ ಮೊಲ ಒಂದು ದಾರಿ. ಕುಲ್ಲು ಕಡೆ ಸಾಕುತ್ತಾರೆ. 75–90 ದಿನಕ್ಕೊಮ್ಮೆ ಕೂದಲು ತೆಗೆಯಬಹುದು, ನಯದಲ್ಲಿ ಪಶ್ಮೀನಾಗೆ ಸಮ. ಮಳೆ ಇದಕ್ಕೆ ಮುಟ್ಟುವುದೇ ಇಲ್ಲ, ಗೂಡಿನೊಳಗೇ ಇರುವ ಪ್ರಾಣಿ. ಆದರೆ ಸೆಖೆ ತಡೆಯದು. ಏಪ್ರಿಲ್‌ನಲ್ಲಿ 30 ಡಿಗ್ರಿ ದಾಟುವ ಕಡೆ ಅದರ ಪಾಡು ಕಷ್ಟ, ಮಡಿಕೇರಿಯ ಎತ್ತರದಲ್ಲಾದರೆ ಒಂದು ಕೈ ನೋಡಬಹುದು. ದಿನಾ ಬಾಚುವ ತಾಳ್ಮೆ ಇದ್ದರೆ ಮಾತ್ರ. ನನಗಿಲ್ಲ.

ಹಾಗಾದರೆ ಯಾರಿಗೆ ಯಾವುದು

ಪೂರ್ವದ ಕಡಿಮೆ ಮಳೆಯ ಅಂಚಿನವರು, ತೋಟದಲ್ಲಿ ಬೋರ್ಡೋ ಇಲ್ಲದವರು ನೀಲಗಿರಿ ಕುರಿ ಹುಡುಕಿ. ಸಿಗದಿದ್ದರೆ, ಒರಟು ನೂಲಿನ ಚಾಪೆ, ಚೀಲ ನೇಯುವುದು ಒಪ್ಪಿಗೆಯಾದರೆ ಡೆಕ್ಕನಿ. ನಂಬಿಕೆಯ ಕಡೆಯಿಂದ ಅಂಗೋರಾ ಅಡ್ಡತಳಿ ಸಿಕ್ಕಿದರೆ ಇದೇ ಅಂಚಿನಲ್ಲಿ ಸಾಕಬಹುದು, ಬೇರೆಡೆ ಅಲ್ಲ. ಮಡಿಕೇರಿ, ಸೋಮವಾರಪೇಟೆಯ ಮಳೆಯ ಭಾಗ, ನಾಪೋಕ್ಲು, ವಿರಾಜಪೇಟೆ ಸುತ್ತಿನ ಕಾಫಿ–ಮೆಣಸಿನವರಿಗೆ ನನ್ನ ಮಾತು: ಮಲಬಾರಿ ಸಾಕಿ, ಉಣ್ಣೆಯನ್ನು ಬಯಲುಸೀಮೆಯಿಂದ ಕೊಂಡು ತನ್ನಿ. ಉಣ್ಣೆ ಕತ್ತರಿಸಿ ಮೂಲೆಗೆಸೆಯುವ ಕುರಿಗಾರರು ಎಷ್ಟೋ ಮಂದಿ ಇದ್ದಾರೆ, ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಭಾಗಮಂಡಲದ ಕಡೆಯವರು ಮೊಲ ಬಿಟ್ಟು ಬೇರೆ ಯೋಚನೆಯನ್ನೇ ಮಾಡಬೇಡಿ.

ದುಡ್ಡಿನ ಆಸೆಯಿಂದ ಕೇಳುವವರಿಗೂ ಒಂದು ಮಾತು. ನಾಲ್ಕು ಕಿಲೋ, ಎಂಟು ಕಿಲೋ ತುಪ್ಪಟವನ್ನು ಯಾವ ಮಿಲ್ಲೂ ಕೊಳ್ಳುವುದಿಲ್ಲ. ನೀವೇ ತೊಳೆದು, ನೀವೇ ನೂತು, ನೀವೇ ಮಾರಬೇಕು. ತೊಳೆದಾಗ ಜಿಡ್ಡು, ಮಣ್ಣು ಹೋಗಿ ಮೊಹೇರ್‌ನಲ್ಲೇ ಸುಮಾರು ಕಾಲುಭಾಗ ತೂಕ ಇಳಿಯುತ್ತದೆ, ಕುರಿ ಉಣ್ಣೆಯಲ್ಲಿ ಇನ್ನೂ ಹೆಚ್ಚು. ಒಣಗಿಸಲು ಬಿಸಿಲು ಸಿಗುವುದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಮಳೆಗಾಲಕ್ಕೆ ಉಳಿಸಿಕೊಂಡ ತುಪ್ಪಟಕ್ಕೆ ಬೂಷ್ಟು ಬರುತ್ತದೆ. ನನ್ನವಳು ಅಡುಗೆಮನೆಯ ಅಟ್ಟದಲ್ಲಿ ಹೊಗೆ ತಾಗುವ ಕಡೆ ಇಟ್ಟಳು. ಬೂಷ್ಟು ಬರಲಿಲ್ಲ, ಮಾವಿನ ಕಟ್ಟಿಗೆ ಹೊಗೆಯ ವಾಸನೆ ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ.

ಹೆಣ್ಣೋ, ಹೋತವೋ

ಕೂದಲಿಗಾಗಿ ಮಾತ್ರ ಸಾಕುವುದಾದರೆ ಬೀಜ ಒಡೆಸಿದ ಗಂಡು ಎಲ್ಲಕ್ಕಿಂತ ಮೇಲು. ಗಬ್ಬ, ಹಾಲು ಎಂದು ಮೈ ಸವೆಯುವುದಿಲ್ಲ, ಕೂದಲು ಒಂದೇ ಸಮ ಬರುತ್ತದೆ. ಹೋತ ಮಾತ್ರ ಬೇಡ. ಬೆದೆಯ ಕಾಲದಲ್ಲಿ ತನ್ನ ಗಡ್ಡಕ್ಕೆ, ಮುಂಗಾಲಿಗೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ, ಆ ತುಪ್ಪಟವನ್ನು ಮನೆಯೊಳಗೆ ತರಲು ಯಾರೂ ಬಿಡುವುದಿಲ್ಲ. ಬೀಜ ತೀರಾ ಎಳೆಯದರಲ್ಲಿ ಒಡೆಸಬಾರದು, ಮೂತ್ರನಾಳ ಸಣ್ಣದಾಗಿಯೇ ಉಳಿಯುತ್ತದೆ. ಆಮೇಲೆ ಹಿಂಡಿ, ಕಾಳು ಸುರಿದರೆ ಕಲ್ಲು ಕಟ್ಟಿಕೊಳ್ಳುತ್ತದೆ. ಸೊಪ್ಪು, ಹುಲ್ಲು ಮುಖ್ಯ ಊಟ, ಕಾಳು ಕೈಯಳತೆಯಲ್ಲಿರಲಿ.

ಒಂದೇ ಒಂದು ತರಬೇಡಿ. ಒಂಟಿ ಆಡು ಹಗಲು ರಾತ್ರಿ ಕೂಗುತ್ತದೆ, ಮೇವು ಬಿಡುತ್ತದೆ. ಎರಡು ಕನಿಷ್ಠ. ಮಲಬಾರಿ ಜೊತೆ ಸೇರಿಸುತ್ತೇನೆ ಎಂದರೆ, ಅಂಗೋರಾ ಸಾಧು. ನಮ್ಮವು ಗೊಂತಿನ ಹತ್ತಿರಕ್ಕೇ ಬಿಡುವುದಿಲ್ಲ. ಗೊಂತು ಎರಡಿರಲಿ, ದೂರ ದೂರ.

ಬರುವ ಮುಂಚೆ, ಬಂದ ಮೇಲೆ

ಕೊಟ್ಟಿಗೆ ಮೊದಲು, ಆಡು ಆಮೇಲೆ. ನೆಲದಿಂದ ನಾಲ್ಕೈದು ಅಡಿ ಎತ್ತರದ ಅಟ್ಟಣಿಗೆ, ಮೇಲೆ ದಬ್ಬೆಯ ಹಾಸು, ಹಿಕ್ಕೆ ಕೆಳಗೆ ಬೀಳುವಷ್ಟು, ಕಾಲು ಸಿಕ್ಕದಷ್ಟು ಸಂದು, ಅಂದರೆ ಒಂದೂವರೆ ಸೆಂ.ಮೀ. ಒಳಗೆ. ಅಡಿಕೆ ದಬ್ಬೆಯಾದರೆ ಸಿಬಿರು ಕೆರೆದು ತೆಗೆಯಿರಿ, ಕೂದಲು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಒಂದು ಪ್ರಾಣಿಗೆ 10–12 ಚದರಡಿ ಮಲಗಲು, ಮಳೆಗಾಲದಲ್ಲಿ ಓಡಾಡಲು ಅದರ ಎರಡರಷ್ಟು ಮಾಡಿನ ಕೆಳಗೇ ಬೇಕು. ಇರಚಲು ಬರುವ ಪಡುವಣ ಗೋಡೆ ಪೂರಾ ಮುಚ್ಚಿ, ಮೂಡಣದಲ್ಲಿ ಗಾಳಿ ಬಿಡಿ. ರಾತ್ರಿ ಬಾಗಿಲಿಗೆ ಬೀಗ. ಚಿರತೆ ಬರುವುದು ಕೊಡಗಿನಲ್ಲಿ ಸುದ್ದಿಯೇ ಅಲ್ಲ. ಮೇವನ್ನು ತಲೆಯ ಮೇಲೆ ಕಟ್ಟಬೇಡಿ, ಎದೆಮಟ್ಟದಲ್ಲಿರಲಿ. ಮೇಲಿಂದ ಉದುರಿದ ಕಡ್ಡಿ, ಕಸ ಕತ್ತಿನ ತುಪ್ಪಟಕ್ಕೆ ಇಳಿದರೆ ಆರಿಸಿ ತೆಗೆಯುವಷ್ಟರಲ್ಲಿ ಬೆನ್ನು ಬೀಳುತ್ತದೆ. ಉತ್ತರಾಣಿ ಬೆಳೆದಲ್ಲಿ ಮೇಯಲು ಬಿಟ್ಟರೂ ಅದೇ ಗತಿ.

ತರುವ ಕಾಲ ತುಲಾ ಸಂಕ್ರಮಣ ಕಳೆದ ಮೇಲೆ, ಹುತ್ತರಿಗೆ ಮುಂಚೆ. ಮಳೆ ನಿಂತಿರುತ್ತದೆ, ಕುಯ್ಲಿನ ಗಡಿಬಿಡಿ ಶುರುವಾಗಿರುವುದಿಲ್ಲ, ಹೊಸ ಪ್ರಾಣಿಯನ್ನು ದಿನಾ ಕೂತು ನೋಡಲು ಪುರುಸೊತ್ತಿರುತ್ತದೆ. ಕತ್ತರಿಸುವ ಕಾಲವೂ ಇದಕ್ಕೇ ಹೊಂದಬೇಕು: ಏಪ್ರಿಲ್ ಶುರುವಿನಲ್ಲಿ ಒಮ್ಮೆ, ಅಕ್ಟೋಬರ್ ಶುರುವಿನಲ್ಲಿ ಒಮ್ಮೆ. ಏಪ್ರಿಲ್‌ನಲ್ಲಿ ಕತ್ತರಿಸಿದರೆ ಜೂನ್ ಮಳೆಗೆ ಅಂಗೋರಾ ಮೈಮೇಲೆ ಎರಡು ತಿಂಗಳ, ಅಂದರೆ ನಾಲ್ಕು ಸೆಂ.ಮೀ. ಕೂದಲಿರುತ್ತದೆ, ಚಳಿಗೆ ಸಾಕಷ್ಟು, ಒದ್ದೆಯಾದರೂ ಒಣಗುವಷ್ಟು. ಕುರಿಗೆ ಏಪ್ರಿಲ್‌ನ ಒಂದೇ ಕತ್ತರಿ ಸಾಕು.

ನೀಲಗಿರಿಯಿಂದ ತರುವವರು ಪಶುವೈದ್ಯರ ಆರೋಗ್ಯ ಪತ್ರ ಕೈಯಲ್ಲಿಟ್ಟುಕೊಳ್ಳಿ, ರಾಜ್ಯದ ಗಡಿಯಲ್ಲಿ ಕೇಳುತ್ತಾರೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಗೇಟಿನ ಮುಂದೆ ಪ್ರಾಣಿ ಇಟ್ಟುಕೊಂಡು ರಾತ್ರಿ ಕಳೆಯುವಂತಾಗಬಾರದು. ಹಳೆಯ ಮನೆಯಿಂದ ಅವು ತಿನ್ನುತ್ತಿದ್ದ ಮೇವು ಎರಡು ಚೀಲ ಕೇಳಿ ತನ್ನಿ. ಮೊದಲ ವಾರ ಅದರಲ್ಲೇ ನಮ್ಮ ಹಲಸಿನ ಸೊಪ್ಪು, ಗ್ಲಿರಿಸಿಡಿಯಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬನ್ನಿ. ಬಂದ ದಿನ ಬೆಲ್ಲ, ಚಿಟಿಕೆ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರು, ಕತ್ತಲೆ ಮೂಲೆ, ಅಷ್ಟೇ. ನೆಂಟರನ್ನು ಕರೆದು ತೋರಿಸುವುದು ನಾಲ್ಕು ದಿನ ಬಿಟ್ಟಾಗಲಿ.

ಮನೆಯಲ್ಲಿ ಮೊದಲೇ ಆಡು ಇದ್ದರೆ ಹೊಸದನ್ನು ಮೂರು ನಾಲ್ಕು ವಾರ ಬೇರೆಯೇ ಇಡಿ, ಬಕೆಟ್ಟೂ ಬೇರೆ. ಆ ವಾರಗಳಲ್ಲಿ ಹಿಕ್ಕೆ ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕ ಜಂತುಹುಳದ ಔಷಧಿ, ಪಿಪಿಆರ್ (ಆಡು, ಕುರಿಗಳ ಪ್ಲೇಗು) ಲಸಿಕೆ, ಕರುಳುಬೇನೆಯ ಲಸಿಕೆ ಮುಗಿಸಿ. ಗಾಡಿ ಕಳಿಸುವ ಪಶು ಚಿಕಿತ್ಸಾ ಸಹಾಯವಾಣಿ 1962. ಮಳೆನಾಡಿನ ಆಡಿಗೆ ದೊಡ್ಡ ಶತ್ರು ಹೊಟ್ಟೆಯಲ್ಲಿ ರಕ್ತ ಹೀರುವ ಹುಳ. ಕೆಳಗಿನ ಕಣ್ಣುರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ ಒಳಗಿನ ಬಣ್ಣ ನೋಡುವುದನ್ನು ಕಲಿಯಿರಿ: ದಾಳಿಂಬೆ ಕಾಳಿನ ಕೆಂಪಿದ್ದರೆ ಸರಿ, ತಿಳಿ ಗುಲಾಬಿಯಾದರೆ ಡಾಕ್ಟರಿಗೆ ಹೇಳಿ, ಸುಣ್ಣದ ಬಿಳುಪಾದರೆ ಆ ಗಳಿಗೆಯಲ್ಲೇ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಇದನ್ನು ಬಿಡಬೇಡಿ. ಗದ್ದೆ ಬದುವಿನ ಹುಲ್ಲು ಹಸಿರಾಗಿದೆ ಎಂದು ಕೊಯ್ದು ಹಾಕಬೇಡಿ, ಬಸವನಹುಳದ ಮೂಲಕ ಯಕೃತ್ತಿನ ಹುಳ ಅಲ್ಲಿಂದಲೇ ಬರುವುದು.

ಅಕ್ಕನ ಮಗಳು ಕೊನೆಗೆ ನವೆಂಬರ್‌ನಲ್ಲಿ ನೀಲಗಿರಿಯ ಎರಡು ಕುರಿ ತಂದಳು, ಎರಡೂ ಬೀಜ ಒಡೆಸಿದವು. ಅವಳ ಜಾಗದಲ್ಲಿರುವುದು ಮುಸುಕಿನ ಜೋಳ, ಶುಂಠಿ. ಕಾಫಿ ಇಲ್ಲ, ಮೆಣಸಿಲ್ಲ. ಶುಂಠಿಗೆ ತಾಮ್ರದ ಔಷಧಿ ಹೊಡೆಯುವ ದಿನಗಳನ್ನು ಮಾತ್ರ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಾಳೆ, ಆ ಬದಿಯ ಹುಲ್ಲು ಕುರಿಗೆ ಹಾಕುವುದಿಲ್ಲ. ಏಪ್ರಿಲ್‌ನಲ್ಲಿ ಕತ್ತರಿ ಹಾಕಲು ನಾನೂ ಹೋಗಿದ್ದೆ. ಎರಡು ಕುರಿಗೆ ಒಂದೂವರೆ ತಾಸು, ನನ್ನ ಹೆಬ್ಬೆರಳಿಗೆ ಒಂದು ಗಾಯ, ತಕ್ಕಡಿಯಲ್ಲಿ ಒಟ್ಟು ಒಂದು ಕಿಲೋ ಮುನ್ನೂರು ಗ್ರಾಂ. ಅಂಗೋರಾಗೆಂದು ಕಟ್ಟಿಸಿದ್ದ ಮೂರನೇ ಕೋಣೆಯಲ್ಲಿ ಸದ್ಯಕ್ಕೆ ಜೋಳದ ಮೂಟೆಗಳಿವೆ.